ಇಲಿಗೆ ಗುಣವಾದ ಸುದ್ದಿ

ನನ್ನ ಬಾಯಿ ಒಂದು ಸುಮ್ಮನಿರುವುದಿಲ್ಲ. ಆ ದಿನ ಅದನ್ನು ಮುಚ್ಚಿಕೊಂಡಿದ್ದರೆ ದೊಡ್ಡಮ್ಮ ಕೊಕ್ಕಡದಿಂದ ಎರಡು ಬಸ್ಸು ಬದಲಿಸಿ ಬಿ.ಸಿ.ರೋಡಿನ ನಮ್ಮ ಮನೆಗೆ ಬರುತ್ತಿರಲಿಲ್ಲ.

ನನ್ನದು ಇಲಿಗಳ ಜೊತೆಗಿನ ಕೆಲಸ. ಸ್ತನದ ಕ್ಯಾನ್ಸರ್ ಮಿದುಳಿಗೆ ಹೇಗೆ ಹರಡುತ್ತದೆಂದು ತಿಳಿಯಲು ಇಲಿಗಳ ರಕ್ತಕ್ಕೆ ಆ ಜೀವಕೋಶಗಳನ್ನು ಸೇರಿಸುತ್ತೇವೆ, ಆಮೇಲೆ ಔಷಧಿ ಕೊಟ್ಟು ನೋಡುತ್ತೇವೆ. ಅಮ್ಮ ನನ್ನನ್ನು ಕರೆಯುವುದೇ ‘ಎಲಿ ಡಾಕ್ಟ್ರು’ ಎಂದು. ತುಳುವಿನಲ್ಲಿ ಇಲಿ ಎಂದರೆ ಎಲಿ. ಆ ವಾರ ಔಷಧಿ ಕೊಟ್ಟ ಇಲಿಗಳ ಮಿದುಳಿನಲ್ಲಿ ಗಡ್ಡೆಗಳು ಸಣ್ಣದಾಗಿಯೇ ಉಳಿದಿದ್ದವು. ಖುಷಿ ತಡೆಯದೆ ಲ್ಯಾಬಿನಿಂದಲೇ ಅಮ್ಮನಿಗೆ ಫೋನು ಮಾಡಿದೆ. ‘ಬೆಳವಣಿಗೆ ನಿಧಾನವಾಗಿದೆ’ ಎಂಬುದನ್ನು ತುಳುವಿನಲ್ಲಿ ಹೇಗೆ ಹೇಳುವುದೆಂದು ತಡಕಾಡಿ, ಕೊನೆಗೆ ‘ಗುಣ ಆಂಡ್’ ಎಂದುಬಿಟ್ಟೆ. ಗುಣವಾಯಿತಂತೆ! ಲ್ಯಾಬಿನಲ್ಲಿ ಬೇರೆ ಯಾರಾದರೂ ಹಾಗೆ ಬರೆದಿದ್ದರೆ ನಾನೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದೆ.

ಅಮ್ಮ ಅದನ್ನು ಹಾಗೆಯೇ ತನ್ನ ಅಕ್ಕನಿಗೆ, ಅಂದರೆ ದೊಡ್ಡಮ್ಮನಿಗೆ, ದಾಟಿಸಿದಳು. ದೊಡ್ಡಮ್ಮನಿಗೆ ಹಿಂದೆ ಸ್ತನದ ಆಪರೇಷನ್ ಆಗಿತ್ತು. ಈಗ ಅದೇ ಕಾಯಿಲೆ ಮಿದುಳಿಗೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಒಬ್ಬರೇ ಬಂದವರು ಸ್ಕ್ಯಾನಿನ ದೊಡ್ಡ ಕವರನ್ನು ನನ್ನ ಕೈಗಿಟ್ಟರು.

“ಎಲಿಗೆ ಕೊಟ್ಟ ಮದ್ದು ನನಗೂ ಕೊಡು ಮಗಾ. ಕಹಿ ಇದ್ದರೂ ಅಡ್ಡಿಯಿಲ್ಲ.”

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಸಿಟ್ಟು ಬಂತು. ಸುತ್ತಿ ಬಳಸದೆ ಹೇಳಿದೆ.

“ಗುಣ ಆದದ್ದಲ್ಲ ದೊಡ್ಡಮ್ಮ, ನಾನು ಹೇಳಿದ್ದೇ ತಪ್ಪು. ಗಡ್ಡೆ ಬೆಳೆಯುವುದು ಸ್ವಲ್ಪ ತಡ ಆಗಿದೆ, ಅಷ್ಟೇ. ಮನುಷ್ಯರಿಗೆ ಕೊಡ್ಲಿಕ್ಕೆ ಇನ್ನೂ ತುಂಬಾ ವರ್ಷ ಉಂಟು. ಕೊಡ್ಲಿಕ್ಕೆ ಆಗದೆಯೂ ಹೋಗಬಹುದು.”

“ಆ ಎಲಿಗಳು ಈಗ ಹೇಗುಂಟು?”

“ಅವು ಇಲ್ಲ. ಕೊಂದು, ಮಿದುಳು ತೆಗೆದು ನೋಡಿದರೇ ನಮಗೆ ಸರಿಯಾಗಿ ಗೊತ್ತಾಗುವುದು.”

“ಪಾಪ,” ಎಂದರು. ಅಕ್ಕಿ ಡಬ್ಬದ ಹತ್ತಿರ ಸುಳಿದ ಇಲಿಗೆ ಯೋಚಿಸದೆ ಪಾಷಾಣ ಇಡುವ ಹೆಂಗಸು ಅವರು.

ಇಷ್ಟು ವರ್ಷ ಇಲಿಗಳಿಗೆ ನಂಬರು ಕೊಟ್ಟು ಲೆಕ್ಕ ಬರೆದಿದ್ದೇನೆ. ಫಲಿತಾಂಶವನ್ನು ಅದಕ್ಕಾಗಿ ಕಾದು ಕುಳಿತವರಿಗೆ ಎದುರು ಕೂತು ಹೇಳಿದ್ದು ಅದೇ ಮೊದಲು. ಕಲಿತದ್ದು ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ದೊಡ್ಡಮ್ಮ ಚಹಾ ಪೂರ್ತಿ ಕುಡಿದು, ಕವರು ತೆಗೆದುಕೊಂಡು ಎದ್ದರು. ಬಸ್‌ಸ್ಟ್ಯಾಂಡಿಗೆ ಬಿಡಲು ನಾನೂ ಹೊರಟೆ. ಅದೇ ಸುದ್ದಿ ಕೇಳಿದ್ದ ದೊಡ್ಡಪ್ಪನಿಗೆ ನಾನೇ ಫೋನು ಮಾಡಿ ನಿಜ ಹೇಳುತ್ತೇನೆ ಎಂದೆ.

“ಬೇಡ, ಅವರಿಗೆ ಹೇಳ್ಬೇಡ,” ಎಂದರು. “ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡ್ತಿದ್ದಾರೆ.”