ಚಿತ್ರದ ಪಕ್ಕಕ್ಕೆ ನಡಿಗೆಯನ್ನಿಟ್ಟ ಡಾ. ಅನಂತರಾಜು

ಎಂಆರ್‌ಐ ಚಿತ್ರ ಓದಬಲ್ಲ ವೈದ್ಯರು ನಮ್ಮಲ್ಲಿ ಹಲವರಿದ್ದಾರೆ; ಆದರೆ ಸ್ನಾಯುಕ್ಷಯದಿಂದ ಬಳಲುವವರ ಚಿತ್ರವನ್ನು ಅವರ ನಡಿಗೆಯ ಪಕ್ಕದಲ್ಲಿಟ್ಟೇ ಓದಬೇಕೆಂದು ಹಟ ಹಿಡಿದವರು ರಾಮನಗರದ ಡಾ. ಅನಂತರಾಜು ಅವರು. ಫಿಸಿಯೋಥೆರಪಿಸ್ಟ್ ಆಗಿ ಹದಿನಾಲ್ಕು ವರ್ಷ ಅವರೊಡನೆ ದುಡಿದ ನಾನು, ಅವರು ನಿವೃತ್ತರಾಗುವ ಈ ಹೊತ್ತಿನಲ್ಲಿ, ಆ ಹಟ ಹುಟ್ಟಿದ ದಿನವನ್ನು ದಾಖಲಿಸಬೇಕು.

೨೦೧೮ರಲ್ಲಿ ತಿಪ್ಪಸಂದ್ರದ ಅಂಗನವಾಡಿ ಕಾರ್ಯಕರ್ತೆ ಮಾಯಮ್ಮನವರ ತೊಡೆಯ ಚಿತ್ರ ಬಂದಿತು. ಸ್ನಾಯುವಿರಬೇಕಾದಲ್ಲೆಲ್ಲ ಕೊಬ್ಬು ಬೆಳ್ಳಗೆ ತುಂಬಿತ್ತು. ಚಿತ್ರವನ್ನಷ್ಟೇ ನೋಡಿದ ಅನಂತರಾಜು ಅವರು "ಸ್ವತಂತ್ರ ನಡಿಗೆ ಅಸಂಭವ" ಎಂದು ಬರೆದರು. ಆ ಒಂದು ಸಾಲನ್ನು ಹಿಡಿದು ಇಲಾಖೆಯ ಮೇಲಧಿಕಾರಿಗಳು ಆಕೆಯನ್ನು ಕೆಲಸ ಬಿಡಿಸಲು ಹೊರಟರು. ಮಾಯಮ್ಮ ಬಸ್ಸು ಹತ್ತಿ ನೇರವಾಗಿ ವೈದ್ಯರ ಬಾಗಿಲಿಗೇ ಬಂದರು.

"ನಡ್ಯಕಾಗಕಿಲ್ಲ ಅಂತ ಬರ್ದಿದ್ದೀರಲ್ಲ ಸಾರ್, ಇಲ್ಲಿಗಂಟ ನಾನ್ ಎಂಗ್ ಬಂದೆ? ಒಸಿ ನೋಡ್ಬುಟ್ಟು ಹೇಳಿ."

ಆಕೆಯ ನಡಿಗೆ ಅಳೆಯಲು ಅನಂತರಾಜು ಅವರು ನನ್ನನ್ನು ಕರೆದರು. ಕುರ್ಚಿಯಿಂದ ಏಳುವಾಗ ಮಾಯಮ್ಮ ತೊಡೆಗೆ ಕೈಯೊತ್ತಿ ಮೈಯನ್ನು ಮೇಲೆತ್ತಿಕೊಂಡರು. ಮೆಟ್ಟಿಲು ಹತ್ತಲು ಕಂಬಿ ಹಿಡಿದರು. ಆದರೆ ಹತ್ತು ಮೀಟರನ್ನು ಯಾರ ನೆರವೂ ಇಲ್ಲದೆ ಹದಿನೇಳು ಸೆಕೆಂಡಿನಲ್ಲಿ ನಡೆದರು. ಅಲ್ಲೇ ಹೊಸ ವರದಿ ಬರೆದ ಅನಂತರಾಜು ಅವರು, "ಹಿಂದಿನ ವಾಕ್ಯ ನನ್ನ ತಪ್ಪು, ರೋಗಿಯನ್ನು ನೋಡದೆ ಬರೆದೆ" ಎಂದು ಸೇರಿಸಿ, ಸಹಿ ಹಾಕಿ, ತಾವೇ ಇಲಾಖೆಯ ಕಚೇರಿಗೆ ಒಯ್ದು ಕೊಟ್ಟರು. ಮಾಯಮ್ಮನವರ ಕೆಲಸ ಉಳಿಯಿತು.

ಸಂಜೆ ನನಗೆ ಹೇಳಿದರು: "ಶಬ್ನಮ್, ಪೇಷೆಂಟ್ ನಡೆಯೋದನ್ನ ನೋಡದೆ ಇನ್ಮೇಲೆ ಒಂದು ರಿಪೋರ್ಟೂ ಹೊರಗೆ ಹೋಗಬಾರದು. ಹೋದ್ರೆ ನೀನೇ ತಡಿ."

ಎರಡು ಸಲ ತಡೆದೆ. ಒಮ್ಮೆ ಗದರಿದರು, ಮರುದಿನ ಎಲ್ಲರೆದುರು ಕ್ಷಮೆ ಕೇಳಿದರು. ಆಸ್ಪತ್ರೆಗೆ ಬರಲಾಗದವರ ನಡಿಗೆಯನ್ನು ಅಳೆಯಲು ಎರಡನೆಯ ಶನಿವಾರಗಳಂದು ಚನ್ನಪಟ್ಟಣ, ಕನಕಪುರದ ಹಳ್ಳಿಗಳಿಗೆ ನನ್ನನ್ನೂ ಕರೆದೊಯ್ದರು.

ರೋಗವನ್ನು ಅವರು ನಿಲ್ಲಿಸಿದರೆಂದು ನಾನು ಬರೆಯಲಾರೆ. ಐದನೆಯ ವರ್ಷ ಮಾಯಮ್ಮನವರ ಕಾಲುಗಳು ಸೋತವು. ವರದಿ ಕೈಗಿಡುವ ಮೊದಲು ಅನಂತರಾಜು ಅವರು ಎದುರಿಗೆ ಕುಳಿತು, ಇನ್ನು ನಡೆಯಲಾಗದೆಂಬುದನ್ನು ತಾವೇ ತಿಳಿಸಿದರು. ಆಕೆ ಕೇಳಿದ್ದು ಒಂದನ್ನೇ:

"ಆಯ್ತು ಸಾರ್. ಕುಂತ್ಕಂಡೇ ಮಕ್ಳಿಗೆ ಪಾಠ ಹೇಳ್ಕೊಡಕೆ ಏನೇನ್ ಬೇಕೋ, ಅದ್ನ ಬರ್ದ್‌ಕೊಡಿ."

ಆಕೆಯ ತೋಳು ಎಷ್ಟೆತ್ತರಕ್ಕೆ ಏಳುತ್ತದೆ, ಹಿಡಿತ ಎಷ್ಟಿದೆ ಎಂದು ಅಳೆದು ಬರೆದುಕೊಟ್ಟರು: ಗಾಲಿಕುರ್ಚಿ, ಬಾಗಿಲಿಗೆ ಇಳಿಜಾರು, ತಗ್ಗು ಮೇಜು. ಮಂಜೂರಾಗುವವರೆಗೂ ಏಳು ಪತ್ರ ಬರೆದರು. ಮಾಯಮ್ಮ ಇಂದಿಗೂ ಪಾಠ ಹೇಳುತ್ತಿದ್ದಾರೆ.

ನಮ್ಮ ಪೂಜ್ಯ ಹಿರಿಯರಿಗೆ ಆಯುಸ್ಸು, ಆರೋಗ್ಯಗಳು ತುಂಬಿ ಬರಲಿ. ವಿಶ್ರಾಂತಿಯನ್ನು ಮಾತ್ರ ನಾನು ಹಾರೈಸುವುದಿಲ್ಲ. ಬೀಳ್ಕೊಡುಗೆಯ ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ಕನಕಪುರದ ಇಬ್ಬರು ರೋಗಿಗಳಿಗೆ, ನಡಿಗೆ ನೋಡಲು ಬರುತ್ತೇನೆಂದು ಅವರು ಆಗಲೇ ಮಾತು ಕೊಟ್ಟಿದ್ದಾರೆ.