ರೊಟ್ಟಿ ಬಡಿದ ಕೈ

ಕಾಕಾನ ಬಲಗೈ ಬೆರಳುಗಳು ಸುಟ್ಟು, ಒಳಗೆ ಮಡಚಿಕೊಂಡು, ಸದಾ ಏನನ್ನೋ ಬಿಗಿಹಿಡಿದಂತೆ ಇರುತ್ತಿದ್ದವು. ಅದು ಎಡಗೈ ಎಂದು ನನ್ನ ತಂಗಿ ಇಂದಿಗೂ ವಾದಿಸುತ್ತಾಳೆ. ಇರಬಹುದು. ನಾನು ಆಗಲೇ ದಿನಚರಿ ಬರೆಯುತ್ತಿದ್ದೆ, ಆದರೆ ಆ ದಿನಗಳ ಪುಟಗಳಲ್ಲಿ ನನ್ನ ಪರೀಕ್ಷೆಯ ಚಿಂತೆ ಬಿಟ್ಟು ಬೇರೇನೂ ಇಲ್ಲ.

ಆತ ಅಪ್ಪನ ಕಿರಿಯ ತಮ್ಮ. ಯಲಬುರ್ಗಾದ ನಮ್ಮ ಓಣಿಯಿಂದ ವಿಮಾನ ಹಾರಿಸಲು ಹೋದವನು ಅವನೊಬ್ಬನೇ. ಮಹಾಯುದ್ಧ ಇನ್ನೂ ನಡೆದಿತ್ತು. ಬರ್ಮಾದ ಮೇಲೆ ಆತನ ವಿಮಾನಕ್ಕೆ ಬೆಂಕಿ ಹತ್ತಿ, ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದು ಬದುಕಿದ್ದ. ಆತ ದವಾಖಾನೆಯಿಂದ ಮನೆಗೆ ಬಂದಾಗ ನಾನೂ ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಕೈ ಪೂರ್ತಿ ಬಿಚ್ಚಿದರೆ ಮತ್ತೆ ವಿಮಾನ, ಇಲ್ಲವಾದರೆ ಕಚೇರಿಯ ಕುರ್ಚಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು.

ಆತ ನೇರ ಅಡುಗೆಮನೆಗೆ ಹೋಗಿ ತನ್ನ ಅತ್ತಿಗೆ, ಅಂದರೆ ನನ್ನ ಅವ್ವನ ಪಕ್ಕ ಕೂತ.

"ವೈನಿ, ನಂಗ ರೊಟ್ಟಿ ಬಡಿಯೋದು ಕಲಿಸ್ರಿ."

"ಅಂಗೈ ಅಗಲ ಆಗ್ಲಿಲ್ಲಂದ್ರ ರೊಟ್ಟಿ ಅಗಲ ಆಗೂದಿಲ್ಲಪ್ಪ."

"ಅದಕ್ಕ ಕೇಳಾಕತ್ತೀನಿ."

ದಿನವೂ ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟು. ಹೊಸ ಚರ್ಮ ಬಿರಿದು ರಕ್ತ ಬಂದರೆ ಅವ್ವ ಎಣ್ಣೆ ಸವರಿ ಸಾಕೆನ್ನುವಳು, ಆತ ಮರುದಿನ ಮತ್ತೆ ಕೂರುವನು. ಹರಿದ ರೊಟ್ಟಿಗಳೆಲ್ಲ ಎಮ್ಮೆಗೆ. "ನಿನ್ನ ಕೈ ಏನಾಗತೈತೋ, ಎಮ್ಮಿ ಮಾತ್ರ ಛಲೋ ಆಗೇತಿ," ಎನ್ನುವಳು ಅವ್ವ.

ಕಟ್ಟೆಯ ಮೇಲಿನ ಗಂಡಸರು ಕಿಟಕಿಯಲ್ಲಿ ಇಣುಕಿದರು. "ಏನೋ ಪೈಲಟ್, ವಿಮಾನ ಬಿಟ್ಟು ರೊಟ್ಟಿಗೆ ಕುಂತಿಯೇನು?"

"ಹೌದ್ರಿ. ಒಳಗ ಬರ್ರಿ, ಹಿಟ್ಟು ಭಾಳ ಐತಿ."

ನಾನೂ ಸುಮ್ಮನಿರಲಿಲ್ಲ. "ಇಂಗ್ಲಿಷರ ಯುದ್ಧಕ್ಕ ನಿನ್ನ ಕೈ ಯಾಕ ಸುಡಬೇಕು, ಕಾಕಾ?"

ಆತ ಬಡಿಯುತ್ತಲೇ ಹೇಳಿದ: "ನನ್ನ ಹಿಂದ ಅಕ್ಕಿ ಹೊತ್ತ ವಿಮಾನ ಇತ್ತು. ಕೆಳಗ ಅಡವ್ಯಾಗ ನಮ್ಮ ಹುಡುಗರು ಉಪಾಸ ಇದ್ರು. ಎದುರಿಗೆ ಜಪಾನಿನವರ ಮೂರು ವಿಮಾನ. ನಾ ತಿರುಗಿ ಹೋದ್ರ ಅವರಿಗೆ ಹಾದಿ ಬಿಟ್ಟಂಗ. ನೆಟ್ಟಗ ಅವರ ಮ್ಯಾಲೆ ಹೋದೆ."

"ಹೆದರಿಕಿ ಆಗ್ಲಿಲ್ಲೇನು?"

"ಆತು. ಬಾಯಿ ಒಣಗಿತ್ತು. ಆದ್ರ ಅಕ್ಕಿ ಮುಟ್ಟಿತು."

ಮೂರು ಎಂದನೋ ಎರಡು ಎಂದನೋ, ನಾನೇ ಮುಂದೆ ಒಂದನ್ನು ಕೂಡಿಸಿಕೊಂಡೆನೋ ತಿಳಿಯದು. 'ಅಕ್ಕಿ ಮುಟ್ಟಿತು' ಎಂಬುದು ಮಾತ್ರ ಆತನದೇ ಮಾತು.

ಬೇಸಿಗೆ ಬರುವಷ್ಟರಲ್ಲಿ ಒಂದು ಬೆಳಗ್ಗೆ ರೊಟ್ಟಿ ಹರಿಯದೆ ಅಂಚಿನವರೆಗೆ ತೆಳ್ಳಗೆ ಹರಡಿತು. ಕಾಕಾ ಹಿಟ್ಟು ಮೆತ್ತಿದ ಅಂಗೈಯನ್ನು ಅವ್ವನ ಮುಂದೆ ಚಾಚಿದ. ಐದೂ ಬೆರಳು ಬಿಚ್ಚಿದ್ದವು. ಡಾಕ್ಟರರು ಒಪ್ಪಿದರು, ಆತ ಬರ್ಮಾಕ್ಕೆ ಮರಳಿದ. ಮಳೆಗಾಲಕ್ಕೆ ಮುಂಚೆ ತಂತಿ ಬಂತು. ಆತನ ವಿಮಾನ ಕಾಡಿನಲ್ಲಿ ಬಿದ್ದಿತ್ತು.

ಮಾತಾಡಿಸಲು ಬಂದ ದೊಡ್ಡವ್ವ ಎಲ್ಲರೆದುರು ಅವ್ವನಿಗೆ ಅಂದಳು: "ಆ ಕೈ ಹಂಗ ಬಿಟ್ಟಿದ್ರ ಹುಡುಗ ಉಳೀತಿದ್ದ. ನೀನ ಬಿಚ್ಚಿಸಿ ಕಳಿಸಿದಿ."

ನಾನು ತಲೆ ತಗ್ಗಿಸಿದೆ. ನನ್ನ ಮನಸ್ಸೂ ಅದನ್ನೇ ಅಂದುಕೊಂಡಿತ್ತು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಷ್ಟಿ ಕಟ್ಕೊಂಡು ಕುಂದ್ರಾಂವ ಆಗಿದ್ರ ನನ್ನ ಹತ್ರ ಯಾಕ ಬರ್ತಿದ್ದ, ಅಕ್ಕಾ? ಇವತ್ತು ಬಂದು ಕೇಳಿದ್ರೂ ಕಲಿಸ್ತೀನಿ."