ದೇವರಿಗೆ ಎರಡನೆಯ ಹಾರ

ನಮ್ಮ ಮನೆತನದಲ್ಲಿ ಕಾಲೇಜು ಕಂಡು ಪದವಿ ತಂದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಕಾಲೇಜಿನ ಬಾಗಿಲು ನನಗೆ ಹೇಗೆ ತೆರೆಯಿತು ಎಂಬುದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ನಾವು ಹೂಗಾರರು. ಅಪ್ಪ ಧಾರವಾಡದ ಕಡೆಯಿಂದ ಪುಣೆಗೆ ಬಂದು, ಸದಾಶಿವ ಪೇಠೆಯಲ್ಲಿ ಒಬ್ಬ ಸರದಾರರ ವಾಡೆಯೊಳಗಿನ ಈಶ್ವರನ ಗುಡಿಗೆ ಹೂವು, ಪತ್ರಿ ಒದಗಿಸುತ್ತಿದ್ದ. ವಾಡೆಯ ಹಿಂಭಾಗದ ಒಂದು ಕೋಣೆಯೇ ನಮ್ಮ ಮನೆ. ಗುಡಿ ಸರದಾರರದು, ಪೂಜಾರಿ ಸರದಾರರ ಸಂಬಳದವರು. ಅಪ್ಪನಿಗೆ ಮಾತ್ರ ದೇವರು ಯಾರ ಸ್ವತ್ತೂ ಅಲ್ಲ. ಸ್ನಾನ ಮಾಡಿ, ಬಾಯಿಗೆ ನೀರೂ ಹಾಕದೆ ದಿನದ ಮೊದಲ ಹಾರ ಕಟ್ಟುತ್ತಿದ್ದ. ಅದು ಲಿಂಗಕ್ಕೆ. ಮದುವೆಯವರಿರಲಿ, ಮಹಾರಾಜರಿರಲಿ, ಉಳಿದವರದೆಲ್ಲ ಆಮೇಲೆ. ದೇವರ ಬುಟ್ಟಿಯ ಹೂವನ್ನು ಯಾರೂ ಮೂಸುವಂತಿರಲಿಲ್ಲ. ಚಿಕ್ಕವರಿದ್ದಾಗ ನಾನೂ ತಂಗಿಯೂ ಅದರ ಪಕ್ಕ ಉಸಿರು ಬಿಗಿಹಿಡಿದು ದಾಟುತ್ತಿದ್ದೆವು. ಮಲ್ಲಿಗೆಯ ದಿನಗಳಲ್ಲಿ ಅದು ಸುಲಭವಲ್ಲ.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಕಾಲೇಜಿನ ಫೀ ಮಾಫಿಗೆ ದೊಡ್ಡ ಮನುಷ್ಯರೊಬ್ಬರ ಪತ್ರ ಬೇಕಾಗಿತ್ತು. ನಮಗೆ ಗೊತ್ತಿದ್ದ ದೊಡ್ಡ ಮನುಷ್ಯರು ಸರದಾರರೊಬ್ಬರೇ. ಪತ್ರ ತಯಾರಾಗಿತ್ತು, ಸಹಿ ಆಗಿರಲಿಲ್ಲ. ಇವತ್ತು, ನಾಳೆ ಎನ್ನುತ್ತಲೇ ಹದಿನೈದು ದಿನ ಕಳೆದವು. ಅರ್ಜಿ ಕೊಡಲು ಇನ್ನೊಂದೇ ದಿನ ಉಳಿದಿತ್ತು. ಅಂದು ವಾಡೆಗೆ ಬಿಳಿಯ ಕಲೆಕ್ಟರ್ ಸಾಹೇಬ ಬರುವುದಿತ್ತು. ಮಧ್ಯಾಹ್ನ ಬರಬೇಕಾದವನು ಬೆಳಿಗ್ಗೆಯೇ ಬಂದುಬಿಟ್ಟ.

ಸರದಾರರ ಕಾರಭಾರಿ ನಮ್ಮ ಕೋಣೆಗೆ ಓಡಿ ಬಂದರು. ಬೆಳಗಾವಿಯವರು, ಬೈಯುವಾಗ ಮರಾಠಿ, ಕೆಲಸವಾಗಬೇಕಾದಾಗ ಕನ್ನಡ. ಅವತ್ತು ಕನ್ನಡ.

“ಹೂಗಾರ, ಹಾರ ತಾ. ಸಾಹೇಬ್ರು ಬಂದು ಕೂತಾರ.”

“ಇದು ದೇವರದ್ರಿ, ರಾಯರ. ಅರ್ಧಾ ತಾಸು ತಡೀರಿ, ಇನ್ನೊಂದು ಕಟ್ಟಿ ಕೊಡ್ತೀನ್ರಿ.”

“ದೇವರು ಎಲ್ಲಿ ಓಡಿ ಹೋಗ್ತಾನೋ? ಸಾಹೇಬ್ರು ಎದ್ದು ಹ್ವಾದ್ರ ಧಣೇರು ನನ್ನ ಚರ್ಮ ಸುಲೀತಾರ.”

“ದೇವರಿಗೆ ಏನಂತ ಹೇಳ್ಲಿರಿ?”

“ಸಾಹೇಬ್ರು ಬಂದಾರಂತ ಹೇಳು. ಗುಡಿ ಇನಾಮು ಹೊಲ ಉಳಿಯೋದು ಅವರ ಕೈಯಾಗ ಅದ. ದೇವರಿಗೂ ಅದು ಗೊತ್ತಿರ್ತದ.” ಅಷ್ಟರಲ್ಲಿ ಬಾಗಿಲಲ್ಲಿ ನಿಂತ ನಾನು ಅವರ ಕಣ್ಣಿಗೆ ಬಿದ್ದೆ. “ಮಗನ ಕಾಗದ ಇವತ್ತ ಸಹಿ ಆಗಬೇಕೋ, ಬ್ಯಾಡೋ?”

ಅಪ್ಪ ನನ್ನತ್ತ ನೋಡಿದ. ಬೇಡ ಎನ್ನಲು ನನಗೆ ಅವಕಾಶವಿತ್ತು. ನಾನು ನೆಲ ನೋಡಿದೆ. ಅಪ್ಪ ದೇವರ ಹಾರವಿದ್ದ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಕೊಟ್ಟ.

ಸಾಹೇಬ ಹಾರ ಹಾಕಿಸಿಕೊಂಡು ನಕ್ಕು, ಮರುಗಳಿಗೆಯಲ್ಲಿ ತೆಗೆದು ಕುರ್ಚಿಯ ಕೈಗೆ ತೂಗುಹಾಕಿದನಂತೆ. ಅದು ಅವರ ರೀತಿ, ತಪ್ಪೇನಲ್ಲ. ದೇವರಿಗೆ ಆ ದಿನ ಎರಡನೆಯ ಹಾರ ಹೋಯಿತು. ನನಗೆ ಸಹಿ ಸಿಕ್ಕಿತು.

ಸಾಹೇಬ ಹೋದ ಮೇಲೆ ಆ ಹಾರ ತಿರುಗಿ ಅಪ್ಪನ ಕೈಗೆ ಬಂತು. ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಮನುಷ್ಯ ಹಾಕಿಕೊಂಡದ್ದು ದೇವರಿಗೆ ಸಲ್ಲದು. ದೇವರಿಗೆಂದು ಕಟ್ಟಿದ್ದನ್ನು ಕಸಕ್ಕೆ ಎಸೆಯಲು ಕೈ ಬಾರದು. ಕೊನೆಗೆ, ಲಿಂಗದ ಮೇಲಿಂದ ಇಳಿಸಿದ ಹೂವನ್ನು ಬಿಡುವ ಹಾಗೆ ಇದನ್ನೂ ಹೊಳೆಗೇ ಬಿಡೋಣವೆಂದ. ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಮುಠಾ ನದಿಯ ಕಡೆ ನಡೆದ. ಕಿಸೆಯಲ್ಲಿ ಕಾಗದ ಇಟ್ಟುಕೊಂಡು ನಾನೂ ಹಿಂದೆ ಹೋದೆ.

ಹಾರವನ್ನು ನೀರಿಗೆ ಬಿಟ್ಟು, ಕೈ ತೊಳೆದು, ಹೊಳೆಯ ಮೆಟ್ಟಿಲ ಕಲ್ಲಿನ ಮೇಲೆ ಕೂತು ಅಪ್ಪ ಕೇಳಿದ: “ಏನ್ ಬರದಾರ, ಓದು.”

ಇಂಗ್ಲಿಷಿನ ಪತ್ರ. ಕನ್ನಡದಲ್ಲಿ ಹೇಳಿದೆ: ನಮ್ಮ ಗುಡಿಯ ಹೂವಿನವನ ಮಗ, ಬಡವ, ವಿಧೇಯ, ಸರಕಾರಕ್ಕೆ ನಿಷ್ಠರಾದ ಜನ.

“ಸರಕಾರಕ್ಕ ನಾ ಏನ್ ಮಾಡೀನೋ?”

“ಹಾರ ಕೊಟ್ಟಿಯಲ್ಲ.”

ಅಪ್ಪ ನಕ್ಕ, ಆ ದಿನ ಮೊದಲ ಸಲ. ನಕ್ಕು ಮುಗಿಸಿ, “ನನ್ನ ಹೆಸರು ಎಲ್ಲಿ ಅದ, ತೋರ್ಸು” ಎಂದ.

ಹೆಸರು ಎಲ್ಲಿಯೂ ಇರಲಿಲ್ಲ. ಹಾಗೆಂದು ಹೇಳಲಾರದೆ ‘ವಿಧೇಯ’ ಎಂಬರ್ಥದ ಶಬ್ದದ ಮೇಲೆ ಬೆರಳಿಟ್ಟೆ. ಅಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಆದರೂ ಕಾಗದ ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದ.

“ಭಾಳ ಉದ್ದ ಆತಲ್ಲೋ ತಮ್ಮಾ. ನಂದು ಎರಡ ಅಕ್ಷರದ ಹೆಸರು.”

“ಇಂಗ್ಲಿಷಿನ್ಯಾಗ ಹಂಗ ಆಗ್ತದಪ್ಪಾ.”

“ಹೌದೇನು,” ಎಂದ. ನಂಬಿದನೋ, ನನ್ನ ಮುಖ ನೋಡಿ ಸುಮ್ಮನಾದನೋ ಇಂದಿಗೂ ನನಗೆ ಗೊತ್ತಿಲ್ಲ.

ಮರುದಿನ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ ಪೂರ್ಣ ಹೆಸರು ಕೇಳಿದ. ಇಲ್ಲಿಯ ಪದ್ಧತಿಯಲ್ಲಿ ಮೊದಲು ನಮ್ಮದು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ನನ್ನದನ್ನು ಒಂದು ಸಲ ಹೇಳಿದೆ. ಅಪ್ಪನದನ್ನು ಎರಡು ಸಲ, ಬಿಡಿಸಿ ಬಿಡಿಸಿ ಹೇಳಿದೆ. ಗುಮಾಸ್ತ ಮೊದಲ ಸಲಕ್ಕೇ ಬರೆದುಕೊಂಡಿದ್ದ. ಕೇಳಿಸಿತು ಎಂದು ತಲೆಯೆತ್ತದೆ ಮರಾಠಿಯಲ್ಲಿ ಗೊಣಗಿದ.